ಹೊಯ್ಸಳ ಸೀಮೆಯ ಮುಂಗೋಪಿ ಜೇಡಗಳು: ಒಂದು ಬಹುಶಿಸ್ತೀಯ ಅನುಸಂಧಾನ

ಯಾವುದೇ ಗಂಭೀರ ಸಂಶೋಧನೆ ಮೊದಲು ತನ್ನ ವ್ಯಾಪ್ತಿಯನ್ನು ಗುರುತಿಸಿಕೊಳ್ಳಬೇಕು. ಪ್ರಸ್ತುತ ಅಧ್ಯಯನವು ಅರಸೀಕೆರೆ, ಹಳೇಬೀಡು ಮತ್ತು ಬೇಲೂರುಗಳನ್ನು ಒಳಗೊಂಡ ‘ಸಾಂಸ್ಕೃತಿಕ ತ್ರಿಕೋನ’ಕ್ಕೆ ಸೀಮಿತವಾಗಿದೆ. ನಕ್ಷೆ ತೆಗೆದು ನೋಡಿದರೆ ಈ ಮೂರೂ ಊರು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬರುತ್ತವಲ್ಲ ಎಂಬ ಆಕ್ಷೇಪ ಏಳಬಹುದು. ಮೂರು ಊರಿದ್ದ ಮೇಲೆ ತ್ರಿಕೋನ ಎನ್ನುವುದು ವಿದ್ವತ್ ಸಂಪ್ರದಾಯ. ನಕ್ಷೆಯ ಮಾತು ಭೂಗೋಳದವರಿಗೆ ಬಿಟ್ಟದ್ದು.

ಅಧ್ಯಯನದ ವಸ್ತು: ಮುಚ್ಚಳ ತೆಗೆದ ಕ್ಷಣಕ್ಕೆ ಡಬ್ಬದಿಂದ ಮಾಯವಾಗುವ, ಹೋಗಲು ದಾರಿ ಕಾಣದಿದ್ದರೆ ಸಾಕಿದವರ ಕೈಯನ್ನೇ ಕಚ್ಚುವ ದೈತ್ಯ ಜೇಡ, ಅರ್ಥಾತ್ ಟರಾಂಟುಲಾ. ಈ ವಸ್ತುವನ್ನು ಆಯ್ದುಕೊಳ್ಳಲು ಪ್ರೇರಣೆ ಎರಡು. ಒಂದು, ಈಚೆಗೆ ನಾನು ಕೂತು ಕೇಳಿದ ವಿಚಾರ ಸಂಕಿರಣ. ಅಲ್ಲಿ ವಿದ್ವಾಂಸರೊಬ್ಬರು ‘ಪರಿಪ್ರೇಕ್ಷ್ಯ’ವನ್ನು ಎಷ್ಟು ಸಲ ಬಳಸಿದರೆಂದರೆ, ಊಟದ ಹೊತ್ತಿಗೆ ಅನ್ನ ಸಾರು ಕೂಡ ಪರಿಪ್ರೇಕ್ಷ್ಯದಲ್ಲೇ ಕಾಣತೊಡಗಿತ್ತು. ಎರಡು, ಜೇಡ ಸಾಕುವ ಹವ್ಯಾಸಿಗಳ ಹೊಸ ಪಾಂಡಿತ್ಯ. ಇವರು ಜೇಡಗಳಿಗೆ ‘ಆರಂಭಿಕರ ಹಂತ’, ‘ಮಧ್ಯಮ ಹಂತ’, ‘ಪರಿಣತರ ಹಂತ’ ಎಂದು ದರ್ಜೆ ಕೊಟ್ಟಿದ್ದಾರೆ. ಸಂಕಿರಣದ ವಿದ್ವಾಂಸರೂ ಇವರೂ ಒಮ್ಮೆ ಒಂದೇ ವೇದಿಕೆ ಹತ್ತಲಿ ಎಂಬುದೇ ಈ ಪ್ರಬಂಧದ ಆಶಯ.

ಆಕರಗಳ ದೃಷ್ಟಿಯಿಂದ ನಮ್ಮ ಮೂಲಪುರುಷ ರೆಜಿನಾಲ್ಡ್ ಇನ್ನೆಸ್ ಪೋಕಾಕ್. ಈತ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಕೂತು, ಇಂಡಿಯಾದಿಂದ ಹೋದ ಸತ್ತ ಜೇಡಗಳಿಗೆ ನಾಮಕರಣ ಮಾಡಿದ. ಇಂದು ಜಗತ್ತಿನ ಸಾಕಣೆದಾರರು ಮೈಸೂರಿನ ಹೆಸರು ಹಿಡಿದು ಕರೆಯುವ ಪೋಸಿಲೋಥೀರಿಯಾ ಸ್ಟ್ರಯೇಟಾಕ್ಕೆ ಹೆಸರು ಬಂದದ್ದು 1895ರಲ್ಲಿ. ಪಶ್ಚಿಮ ಘಟ್ಟದ ಬಿಲವಾಸಿ ತ್ರಿಗ್ಮೋಪಿಯಸ್‌ಗಳಿಗೆ 1899ರಲ್ಲಿ. ಅದೇ ವರ್ಷ ಆಂಧ್ರದ ಗುತ್ತಿಯ ನೀಲಿ ಜೇಡ, ಪೋಸಿಲೋಥೀರಿಯಾ ಮೆಟಾಲಿಕಾಕ್ಕೂ ನಾಮಕರಣ ಆಯಿತು. ಈ ಕೊನೆಯದು ಸಿಕ್ಕಿದ್ದು ಕಾಡಿನಲ್ಲಲ್ಲ, ಗುತ್ತಿಯ ರೈಲ್ವೆ ಮರದ ಯಾರ್ಡಿನಲ್ಲಿ.

ಇಲ್ಲಿ ಪ್ರಬಂಧಕಾರನು ತನ್ನ ಮೊದಲ ಪ್ರಮೇಯವನ್ನು ಮಂಡಿಸುತ್ತಾನೆ. ಜೇಡ ಸಿಕ್ಕಿದ್ದು ರೈಲ್ವೆ ಯಾರ್ಡಿನಲ್ಲಿ. ಅರಸೀಕೆರೆ ರೈಲ್ವೆ ಜಂಕ್ಷನ್. ಆದಕಾರಣ ಅರಸೀಕೆರೆಯೇ ಜೇಡಗಳ ಆದಿಮ ನೆಲೆ. ಈ ತರ್ಕದಲ್ಲಿ ಲೋಪ ಕಂಡವರು ನಮ್ಮಲ್ಲಿ ಪಿಎಚ್‌ಡಿ ಪಡೆದಿರುವ ಎಷ್ಟೋ ಸ್ಥಳಪುರಾಣಗಳನ್ನು ಇನ್ನೊಮ್ಮೆ ಓದಬೇಕಾಗುತ್ತದೆ.

ಇನ್ನು ಸ್ವಭಾವ ಮೀಮಾಂಸೆ. ಮುಂಗೋಪಿ ಜೇಡಗಳನ್ನು ಅವುಗಳ ಕೋಪಾಭಿವ್ಯಕ್ತಿಯ ನೆಲೆಯಲ್ಲಿ ಐದು ಸಂಪ್ರದಾಯಗಳಾಗಿ ವಿಂಗಡಿಸಬಹುದು.

ಮೊದಲನೆಯದು ಅರಸೀಕೆರೆ ಸಂಪ್ರದಾಯ ಅಥವಾ ‘ದ್ರುತಪಲಾಯನ ಪಂಥ’. ಇದರ ಲಕ್ಷಣ ಅನುಪಸ್ಥಿತಿ. ಮುಚ್ಚಳ ತೆಗೆದಾಗ ಜೇಡ ತೊಗಟೆಯ ಮೇಲೆ ಇರುತ್ತದೆ. ಮರುಕ್ಷಣ ತೊಗಟೆ ಮಾತ್ರ ಇರುತ್ತದೆ. ಜೇಡ ಸಾಕಣೆದಾರನ ಮೊಣಕೈ ದಾಟಿ ಬೀರುವಿನ ಹಿಂದಕ್ಕೆ ಹೋಗಿರುತ್ತದೆ.

ಎರಡನೆಯದು ಬೇಲೂರು ಸಂಪ್ರದಾಯ, ‘ಊರ್ಧ್ವಪಾದ ಭೀಷಣ ಭಂಗಿ’. ಜೇಡ ಮುಂಗಾಲುಗಳನ್ನು ಮೇಲೆತ್ತಿ, ಮೈಯನ್ನು ಹಿಂದಕ್ಕೆ ಬಾಗಿಸಿ, ಕೋರೆಗಳನ್ನು ತೆರೆದು ನಿಲ್ಲುತ್ತದೆ. ಪೋಸಿಲೋಥೀರಿಯಾ ರೆಗಾಲಿಸ್‌ನ ಮುಂಗಾಲಿನ ಅಡಿಭಾಗದಲ್ಲಿ ಅಚ್ಚ ಹಳದಿ ಪಟ್ಟೆಗಳಿವೆ. ಅವು ಮಿಂಚುವುದು ಈ ಭಂಗಿಯಲ್ಲೇ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಒಬ್ಬಳು ಸೀರೆಯಿಂದ ಚೇಳು ಕೊಡವುತ್ತಿದ್ದಾಳೆ. ಚೇಳಿಗೆ ಸಿಕ್ಕ ಮನ್ನಣೆ ಜೇಡಕ್ಕೇಕೆ ಸಿಗಲಿಲ್ಲ? ಉತ್ತರ ಸ್ಪಷ್ಟ: ಶಿಲ್ಪಿ ಉಳಿ ಎತ್ತಿಕೊಳ್ಳುವಷ್ಟರಲ್ಲಿ ಅದು ಓಡಿಹೋಗಿರುತ್ತದೆ. ಅಂದಮೇಲೆ ಹೊಯ್ಸಳ ಶಿಲ್ಪದಲ್ಲಿ ಜೇಡ ನನ್ನ ಕಣ್ಣಿಗೆ ಬೀಳದಿರುವುದೇ ಜೇಡದ ವೇಗಕ್ಕೆ ಶಿಲ್ಪಶಾಸ್ತ್ರೀಯ ಪುರಾವೆ.

ಮೂರನೆಯದು ಹಳೇಬೀಡು ಸಂಪ್ರದಾಯ, ‘ಸಶಬ್ದ ಪ್ರತಿರೋಧ ಸಂಕಥನ’. ಕೈಲೋಬ್ರಾಕಿಸ್ ಕುಲದ ಜೇಡಗಳು ಬಾಯಿಯ ಬದಿಯ ಬಿರುಗೂದಲುಗಳನ್ನು ಒಂದಕ್ಕೊಂದು ಉಜ್ಜಿ ಬುಸ್ ಎಂಬ ಸದ್ದು ಹೊರಡಿಸುತ್ತವೆ. ಇದನ್ನು ಹಳೇಬೀಡಿಗೆ ಜೋಡಿಸಲು ಯಾವ ಆಧಾರವೂ ಇಲ್ಲ. ತ್ರಿಕೋನದ ಒಂದು ಮೂಲೆ ಖಾಲಿ ಉಳಿಯುತ್ತಿತ್ತು, ಅಷ್ಟೆ.

ನಾಲ್ಕನೆಯ ಮತ್ತು ಐದನೆಯ ಸಂಪ್ರದಾಯಗಳಿಗೆ ತಕ್ಕ ಸಂಸ್ಕೃತ ಹೆಸರು ಹೊಳೆಯುತ್ತಿಲ್ಲ. ಹೊಳೆದರೂ ಪ್ರಯೋಜನವಿಲ್ಲ, ಏಕೆಂದರೆ ಈ ಎಲ್ಲ ಸಂಪ್ರದಾಯಗಳೂ ಒಂದೇ ಜೇಡದವು. ಸಂದು ಕಂಡರೆ ಓಡುತ್ತದೆ. ಸಂದು ಇಲ್ಲದಿದ್ದರೆ ಕಾಲೆತ್ತುತ್ತದೆ, ಬುಸುಗುಡುತ್ತದೆ. ಆಗಲೂ ನೀವು ಬೆರಳು ತೂರಿಸಿದರೆ ಕಚ್ಚುತ್ತದೆ. ಅಮೆರಿಕ ಖಂಡಗಳ ಹಲವು ಟರಾಂಟುಲಾಗಳಿಗೆ ಹೊಟ್ಟೆಯ ಮೇಲಿನ ತುರಿಕೆಯ ರೋಮವನ್ನು ಶತ್ರುವಿನ ಮುಖಕ್ಕೆ ಉದುರಿಸುವ ಉಪಾಯವಿದೆ. ನಮ್ಮ ಕಡೆಯ ಜೇಡಗಳಿಗೆ ಅದಿಲ್ಲ. ಇರುವುದು ಕಾಲಿನ ವೇಗ ಮತ್ತು ವಿಷ, ಎರಡೇ. ಇಷ್ಟನ್ನು ಹವ್ಯಾಸಿಗಳು ‘ಕೋಪಿಷ್ಠ’, ‘ಅಹಂಕಾರಿ’, ‘ಪರಿಣತರಿಗೆ ಮಾತ್ರ’ ಎಂದು ಕರೆದು, ಒಂದು ಹುಳದ ಹೆದರಿಕೆಯನ್ನು ತಮ್ಮ ಗಂಡಸ್ತನದ ಸರ್ಟಿಫಿಕೇಟು ಮಾಡಿಕೊಂಡಿದ್ದಾರೆ. ಜೇಡಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಲೋಕವನ್ನು ಅರಿಯುವುದು ಕಾಲಿನ ರೋಮಗಳಿಗೆ ತಾಗುವ ಕಂಪನದಿಂದ, ಗಾಳಿಯಿಂದ. ‘ನನ್ನನ್ನು ಗುರುತಿಸುತ್ತೆ ಸಾರ್’ ಎಂದು ಹತ್ತಿರ ಬಾಗುವ ಒಡೆಯನ ಉಸಿರು ಅದರ ಪಾಲಿಗೆ ಬಿರುಗಾಳಿ.

ಸಾಕಣಾ ಶಿಷ್ಟಾಚಾರದ ಅಧ್ಯಾಯವನ್ನು ಪರಿಭಾಷೆ ಬಿಟ್ಟು ಹೇಳುತ್ತೇನೆ. ಪರದೇಶಗಳಲ್ಲಿ ಕಾನೂನು ಪ್ರಕಾರ ಇವನ್ನು ಸಾಕುವವರಲ್ಲಿ ಬಲ್ಲವರೂ ಇದ್ದಾರೆ. ಮರದ ಜೇಡಕ್ಕೆ ಎತ್ತರದ ಪೆಟ್ಟಿಗೆ ಇಡುತ್ತಾರೆ, ನೆಟ್ಟಗೆ ನಿಲ್ಲಿಸಿದ ಟೊಳ್ಳು ತೊಗಟೆ, ಗಾಳಿಯಾಡಲು ರಂಧ್ರ, ಕುಡಿಯಲು ನೀರಿನ ಬಟ್ಟಲು. ಅಡಿಗೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಕೊಬ್ಬರಿ ವ್ಯಾಪಾರಕ್ಕೆ ಹೆಸರಾದ ಅರಸೀಕೆರೆಯವರು ಇದನ್ನು ಗಮನಿಸಬೇಕು. ನಮ್ಮ ದೇಶದ ತೆಂಗಿನ ಸಿಪ್ಪೆ ಹಡಗು ಹತ್ತಿ ಹೋಗಿ, ನಮ್ಮ ದೇಶದ್ದೇ ಜೇಡಕ್ಕೆ ಹಾಸಿಗೆಯಾಗುತ್ತದೆ. ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಟಬ್ಬಿನೊಳಗಿಟ್ಟು ತೆರೆಯುತ್ತಾರೆ. ಕೈ ಹಾಕುವುದಿಲ್ಲ, ಉದ್ದ ಇಕ್ಕಳ ಬಳಸುತ್ತಾರೆ, ಪಕ್ಕದಲ್ಲಿ ಪಾರದರ್ಶಕ ಲೋಟ ಸಿದ್ಧವಿರುತ್ತದೆ. ಜೇಡ ಕಾಲು ಚಾಚುವುದು ಸ್ನಾಯುವಿನಿಂದಲ್ಲ, ಮೈಯೊಳಗಿನ ದ್ರವದ ಒತ್ತಡದಿಂದ. ಹಾಗಾಗಿ ಎಂಟೂ ಕಾಲು ಹೊಟ್ಟೆಯಡಿಗೆ ಮುದುಡಿದ್ದರೆ ಅದು ನಿದ್ದೆಯಲ್ಲ. ನೀರು ಬತ್ತಿರಬಹುದು, ಸಾವು ಹತ್ತಿರವಿರಬಹುದು. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದೇ ಸಾಯಬಹುದು.

ಪೊರೆ ಬಿಡುವಾಗ ಅದು ಬೆನ್ನಡಿಯಾಗಿ ಮಲಗುತ್ತದೆ. ಸತ್ತಿತೆಂದು ಎಸೆದವರೂ ಉಂಟು. ಹೊಸ ಕೋರೆ ಮೊದಲು ಬೆಳ್ಳಗಿರುತ್ತದೆ, ಆಮೇಲೆ ಕೆಂಪಗಾಗಿ ಕಪ್ಪಿಗೆ ತಿರುಗುತ್ತದೆ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಹೊಯ್ಸಳರ ಬಳಪದ ಕಲ್ಲಿನ ಹಾಗೆಯೇ ಇದರ ಮೈ. ಕೋರೆ ಕಪ್ಪಾಗುವವರೆಗೆ ಆಹಾರ ಹಾಕಬಾರದು. ಹಸಿ ಮೈಯ ಜೇಡವನ್ನು ಒಂದು ಮಿಡತೆಯೂ ಗಾಯಗೊಳಿಸಬಲ್ಲದು.

ಇಷ್ಟೆಲ್ಲ ಗೊತ್ತಿದ್ದೂ ಕೆಲವರು ವಿಡಿಯೊಗೆಂದು ಅದನ್ನು ಅಂಗೈಗೆ ಹತ್ತಿಸಿಕೊಳ್ಳುತ್ತಾರೆ. ಕೆರಳಿಸಿ ಕಾಲೆತ್ತಿಸುತ್ತಾರೆ, ಹಿನ್ನೆಲೆಗೆ ತಮಟೆ ಹಾಕುತ್ತಾರೆ, ಲೈಕು ಎಣಿಸುತ್ತಾರೆ. ಇಲ್ಲಿ ನನಗೆ ನಗು ಬರುವುದಿಲ್ಲ.

ಗುತ್ತಿಯ ನೀಲಿ ಜೇಡದ ಕತೆಗೆ ಬರೋಣ. ರೈಲಿನಲ್ಲಿ ಎಲ್ಲಿಂದಲೋ ಬಂದಿದ್ದ ಆ ಜೇಡದ ನಿಜವಾದ ಮನೆ ಯಾವುದೆಂದು ತಿಳಿಯಲು ನೂರು ವರ್ಷ ಬೇಕಾಯಿತು. 2001ರಲ್ಲಿ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ, ಮುದಿ ಮರಗಳ ಪೊಟರೆಗಳಲ್ಲಿ ಮತ್ತೆ ಸಿಕ್ಕಿತು. ಆ ಕಾಡನ್ನು ಸೌದೆಗೆ, ಮರಮುಟ್ಟಿಗೆ ಕಡಿಯುತ್ತಲೇ ಇದ್ದರು. ಇತ್ತ ಅದೇ ಜೇಡ ಯುರೋಪು ಅಮೆರಿಕಗಳ ಸಾಕಣೆದಾರರ ಕಪಾಟು ಸೇರಿತು. ಐಯುಸಿಎನ್ ಅದನ್ನು ತೀವ್ರ ಅಪಾಯದಂಚಿನ ಜೀವಿ ಎಂದು ಪಟ್ಟಿ ಮಾಡಿತು. 2019ರಲ್ಲಿ ಪೋಸಿಲೋಥೀರಿಯಾ ಕುಲವನ್ನೇ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದರು. ಈಗ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ನಮ್ಮ ವನ್ಯಜೀವಿ ಕಾಯ್ದೆಗೂ 2022ರಲ್ಲಿ ತಿದ್ದುಪಡಿ ತಂದು ಆ ಒಪ್ಪಂದವನ್ನು ಒಳಗೊಳಿಸಿದರು. ಕಾಗದದ ಮೇಲೆ ಎಲ್ಲ ಸರಿ.

ಊರ ಕಡೆ ಬಂದರೆ ಜೇಡಕ್ಕಿರುವ ಶಾಸ್ತ್ರ ಒಂದೇ, ಚಪ್ಪಲಿ. ಸಳ ಹುಲಿಯನ್ನು ಕೊಂದ ಲಾಂಛನವನ್ನು ಗುಡಿಯ ಮುಂದೆ ನಿಲ್ಲಿಸಿದ ನಾಡಿದು. ಹುಲಿ ಸಿಗದ ಇಂದಿನ ಸಳರು ಬಚ್ಚಲಿಗೆ ಬಂದ ಜೇಡವನ್ನು ಕೊಂದು, ಫೋಟೊ ತೆಗೆದು ವಾಟ್ಸ್‌ಆ್ಯಪಿಗೆ ಹಾಕುತ್ತಾರೆ. ಅದು ಬಚ್ಚಲಿಗೇಕೆ ಬಂತೆಂದು ಕೇಳುವವರಿಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿ ಅರಸೀಕೆರೆಯ ಮೇಲೆ ಹಾಯುತ್ತದೆ. ರಸ್ತೆ ಅಗಲವಾಗುವಾಗ ಮೊದಲು ಉರುಳುವುದು ಅಂಚಿನ ಹಳೆ ಮರಗಳೇ, ಪೊಟರೆ ಇರುವುದೂ ಅವುಗಳಲ್ಲೇ. ಬದಲಿಗೆ ನೆಡುವ ಸಸಿಯಲ್ಲಿ ಪೊಟರೆ ಮೂಡಲು ನಾವೂ ನಮ್ಮ ಮಕ್ಕಳೂ ಮುಗಿದಿರುತ್ತೇವೆ. ಹೊಯ್ಸಳರ ಗುಡಿಗಳಿಗೆ 2023ರಲ್ಲಿ ಯುನೆಸ್ಕೊ ಮನ್ನಣೆ ಬಂದಾಗ ಪಟಾಕಿ ಹೊಡೆದೆವು, ಒಳ್ಳೆಯದೇ. ಕಲ್ಲಿಗೆ ಬೇಲಿ, ಕಾವಲುಗಾರ, ಬೋರ್ಡು ಎಲ್ಲ ಉಂಟು. ಟೊಳ್ಳು ಮರಕ್ಕೆ ಗುತ್ತಿಗೆದಾರ ಬಳಿದ ನಂಬರು ಮಾತ್ರ.

ಉಪಸಂಹಾರದಲ್ಲಿ ಮುಂದಿನ ಸಂಶೋಧನೆಗೆ ದಿಕ್ಸೂಚಿ ಒದಗಿಸುವುದು ರೂಢಿ. ನನ್ನಲ್ಲಿ ಅದಿಲ್ಲ, ಒಂದು ಕೋರಿಕೆ ಇದೆ. ಮನೆಯೊಳಗೆ ದೊಡ್ಡ ಜೇಡ ಕಂಡರೆ ಮಕ್ಕಳನ್ನು ದೂರ ನಿಲ್ಲಿಸಿ. ಅಗಲ ಬಾಯಿಯ ಡಬ್ಬವನ್ನು ನಿಧಾನ ಕವುಚಿ, ಅಡಿಯಿಂದ ದಪ್ಪ ರಟ್ಟು ತೂರಿಸಿ, ಹತ್ತಿರದ ಹಳೆ ಮರದ ಬುಡಕ್ಕೆ ಬಿಟ್ಟು ಬನ್ನಿ. ಮಾರುವವನು ಬಂದರೆ ಕೊಳ್ಳಬೇಡಿ. ಕಚ್ಚಿದರೆ ಸೋಪಿನಿಂದ ತೊಳೆದು ನೇರ ಆಸ್ಪತ್ರೆಗೆ ಹೋಗಿ, ಮಂತ್ರ ಹಾಕಿಸಿಕೊಳ್ಳುತ್ತ ಕೂರಬೇಡಿ. ಪೋಸಿಲೋಥೀರಿಯಾ ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಡುತ್ತದೆ. ಇದಕ್ಕೆಂದೇ ಮಾಡಿದ ಪ್ರತಿವಿಷ ಇಲ್ಲ, ನೋವಿಗೂ ಸೆಳೆತಕ್ಕೂ ಔಷಧ ಕೊಡುತ್ತಾರೆ.