ಸಾವಿರ ಗೌಡ್ರ ಊರು

ಗಬ್ಬೂರು ಬಸ್‌ಸ್ಟ್ಯಾಂಡಿನ ಚಾದಂಗಡಿ. ತಮ್ಮ ತನ್ನ ಫೋನಿನಲ್ಲಿ ಮುಳುಗಿದ್ದಾನೆ, ಕಾಕಾ ಮಿರ್ಚಿಯಲ್ಲಿ.

“ಕಾಕಾ, ನಾ ಮಾಸ್ಟೊಡಾನ್ ಸೇರಾಕತ್ತೀನ್ರಿ, ಟ್ವಿಟರ್ ಇದ್ದಂಗ. 2016ರಾಗ ಜರ್ಮನಿಯ ಯುಜೆನ್ ರೋಚ್ಕೊ ಶುರು ಮಾಡಿದ್ದು. ಮಾಲಕ ಅನ್ನಾಂವನ ಇಲ್ಲ.”

“ಭೇಷ್. ಸೇರು ಮತ್ತ.”

“ಮೊದ್ಲ ಸರ್ವರ್ ಆರಿಸ್ಬೇಕ್ರಿ. ಸಾವಿರಾರು ಅದಾವ. ಒಂದೊಂದಕ್ಕೂ ಒಬ್ಬ ಮಾಲಕ.”

“ಅಂದ್ರ ಒಬ್ಬ ಗೌಡ ಹೋಗಿ ಸಾವಿರ ಗೌಡ್ರು ಬಂದ್ರು.”

“ಹಂಗಲ್ರಿ. ಎಲ್ಲಿದ್ರೂ ಬ್ಯಾರೆ ಸರ್ವರಿನವ್ರ ಜೋಡಿ ಮಾತಾಡಬಹುದು. ನಮ್ಮ ಮಾಲಕ ಆ ಸರ್ವರನ್ನ ಬ್ಲಾಕ್ ಮಾಡಿರಬಾರ್ದು, ಅಷ್ಟ.”

“ಗೌಡ್ರು ಮಾತು ಬಿಟ್ರ ಓಣಿ ಎಲ್ಲಾ ಬಿಡಬೇಕು. ಇದಕ್ಕ ಜರ್ಮನಿ ಯಾಕ ಬೇಕಿತ್ತಪಾ?”

“ಕೆಲವು ಕಡೆ ಅರ್ಜಿ ಹಾಕಬೇಕ್ರಿ, ಯಾಕ ಬರ್ತೀನಿ ಅಂತ ಬರದು.”

“ಯಾಕ ಹೊಂಟೀ?”

“2019ರಾಗ ಟ್ವಿಟರ್ನವ್ರು ವಕೀಲ ಸಂಜಯ್ ಹೆಗ್ಡೆ ಅವರ ಖಾತೆ ತಡದಾಗ ಮಂದಿ ಸಿಟ್ಟಾಗಿ ಮಾಸ್ಟೊಡಾನಿಗೆ ಹೋದ್ರಲ್ರಿ...”

“ಇಷ್ಟು ವರ್ಷದ ಮ್ಯಾಲ ನಿನಗ ಸಿಟ್ಟು ಬಂತು. ಇರ್ಲಿ. ಬೆಂಗಳೂರಿನ ಕೂ ಆ್ಯಪ್ ಇತ್ತಲ್ಲ, ಕನ್ನಡದಾಗ?”

“2024ರಾಗ ಬಾಗಲಾ ಹಾಕ್ತ್ರಿ.”

“ನಿನ್ ಸರ್ವರ್ ಹಾಕಿದ್ರ?”

“ಮೊದ್ಲ ಹೇಳಿದ್ರ ಬ್ಯಾರೆ ಕಡೆ ಹೋಗಬಹುದ್ರಿ. ಫಾಲೋವರ್ಸ್ ಸಂಗಾಟ ಬರ್ತಾರ. ಹಳೆ ಪೋಸ್ಟ್ ಬರಂಗಿಲ್ಲ.”

“ಮಂದಿ ಬರ್ತಾರ, ಆಡಿದ ಮಾತು ಬರಂಗಿಲ್ಲ! ಪಕ್ಷ ಬದಲಿಸೋರಿಗೆ ಹೇಳಿ ಮಾಡಿಸಿದಂಗೈತಿ. ಯಾವ್ದು ಆರಿಸ್ದಿ?”

“ವಾಟ್ಸಾಪ್ ಗ್ರೂಪಿನಾಗ ಕೇಳೀನ್ರಿ. ನೀಲಿ ಟಿಕ್ ಬಿದ್ದಾವ, ಯಾರೂ ಹೇಳವಲ್ರು.”