ಕನೆಕ್ಷನ್ ಕಿಟ್ಟಿ

ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಒಬ್ಬ ಕಿಟ್ಟಿ ಇದ್ದೇ ಇರುತ್ತಾನೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಲಿಂಕ್ಡ್‌ಇನ್ ತೆರೆದು, ಮುಖ ಗೊತ್ತಿಲ್ಲದ ಹತ್ತು ಜನರ ವರ್ಕ್ ಆನಿವರ್ಸರಿಗೆ ಶುಭ ಕೋರುತ್ತಾನೆ. ತನ್ನ ಮದುವೆಯ ವಾರ್ಷಿಕೋತ್ಸವವನ್ನು ಹೆಂಡತಿಯೇ ನೆನಪಿಸಬೇಕು. ಕನೆಕ್ಷನ್ನುಗಳು ಏಳು ಸಾವಿರ ದಾಟಿವೆ. ಆದರೂ ಪ್ರೊಫೈಲಿನಲ್ಲಿ ‘500+’ ಎಂದಷ್ಟೇ ಕಾಣುತ್ತದೆ. ಮಿಕ್ಕ ಆರೂವರೆ ಸಾವಿರ ಜನರನ್ನು ನಡುನೀರಲ್ಲಿ ಕೈಬಿಟ್ಟರಲ್ಲ ಎನ್ನುವುದು ಅವನ ಖಾಯಂ ಸಂಕಟ.

ಇದಕ್ಕೆಲ್ಲ ಮೂಲ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ. 1973ರಲ್ಲಿ ಆತ ಬರೆದ ಪ್ರಬಂಧದ ಪ್ರಕಾರ, ಪರಿಚಯದವರ ಮೂಲಕ ಕೆಲಸ ಹಿಡಿದವರ ಪೈಕಿ ಆ ಪರಿಚಯದವರನ್ನು ಪದೇಪದೇ ಕಾಣುತ್ತಿದ್ದವರು ಶೇ. 17ರಷ್ಟೂ ಇರಲಿಲ್ಲ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ಮಾತು ಸರಿಯೇ. ಆದರೆ ಕಿಟ್ಟಿ ಅದನ್ನು ಜಾರಿಗೆ ತಂದ ಬಗೆ ಬೇರೆ: ಆಪ್ತ ಗೆಳೆಯರನ್ನೆಲ್ಲ ಒಬ್ಬೊಬ್ಬರಾಗಿ ದೂರದ ಪರಿಚಯಸ್ಥರನ್ನಾಗಿ ಮಾಡಿಕೊಂಡ.

ಕಲಿಕೆಯಲ್ಲೂ ಹಿಂದೆ ಬಿದ್ದವನಲ್ಲ. ಎನ್‌ಪಿಟೆಲ್‌ನಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಪುಕ್ಕಟೆ. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಹನ್ನೆರಡು ವಾರದ ಕೋರ್ಸಿನ ಮೊದಲ ವಾರದಲ್ಲಿ ಕಿಟ್ಟಿಗೆ ಸಮನಾದವರಿಲ್ಲ. ಎರಡನೇ ವಾರ ಇನ್ನೊಂದು ಕೋರ್ಸಿನ ಮೊದಲ ವಾರ ಶುರುವಾಗಿರುತ್ತದೆ. ಹೀಗಾಗಿ ಜಗತ್ತಿನ ಸಕಲ ವಿದ್ಯೆಗಳ ಪೀಠಿಕೆಯೂ ಅವನಿಗೆ ಕಂಠಪಾಠ.

‘ನನ್ನ ಕೆರಿಯರ್‌ಗೆ ನಾನೇ ಡ್ರೈವರ್’ ಎನ್ನುತ್ತಾನೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರೂ ಡ್ರೈವರುಗಳೇ ಅಲ್ಲವೇ, ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಮೊನ್ನೆ ಮದುವೆ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ ಮೊಬೈಲು ಚಾಚಿ, ‘ಕ್ಯೂಆರ್ ಸ್ಕ್ಯಾನ್ ಮಾಡಿ ಸಾರ್’ ಎಂದ. ಅವರ ಕೈ ಪೂರ್ತಿ ಸಾರು. ಎದುರು ಸೌಟು ಹಿಡಿದು ಕಾದಿದ್ದ ಭಟ್ಟರು, ‘ತುಪ್ಪ ಬೇಕೋ ಬೇಡ್ವೋ, ಅಷ್ಟು ಹೇಳಿ’ ಎಂದು ಗದರಿದರು. ಅದೇ ಪಂಕ್ತಿಯ ಕೊನೆಯಲ್ಲಿದ್ದ ಅಜ್ಜಿಯೊಬ್ಬರು ‘ಯಾವೂರು? ಯಾರ ಮಗ?’ ಎಂದು ಎರಡೇ ಪ್ರಶ್ನೆಯಲ್ಲಿ ಮೂರು ಜಿಲ್ಲೆಯ ನಂಟು ಹೊಸೆದು, ಒಂದು ಸಂಬಂಧವನ್ನೂ ಕುದುರಿಸಿ, ಪಾಯಸಕ್ಕೆ ಕೈಯೊಡ್ಡಿದ್ದರು.

ಹಾಗೆಂದು ಕಿಟ್ಟಿಯನ್ನು ದಂಡಪಿಂಡ ಎನ್ನುವಂತಿಲ್ಲ. ಅವನಿಂದ ಕೆಲಸ ಸಿಕ್ಕವರು ಬೇಕಾದಷ್ಟು ಜನ. ಎಲ್ಲರಿಗೂ ಅವನು ದೂರದ ಪರಿಚಯಸ್ಥನೇ ತಾನೇ! ಮೆಟ್ರೊದಲ್ಲಿ ಪರಿಚಯವಾದ ಎಚ್‌ಆರ್ ಒಬ್ಬರ ಕಿವಿಗೆ ಮಹಡಿ ಮನೆ ಹುಡುಗನ ಹೆಸರು ಹಾಕಿದ್ದ. ಹುಡುಗನಿಗೆ ಪ್ರೊಫೈಲೂ ಇರಲಿಲ್ಲ, ಕನೆಕ್ಷನ್ನೂ ಇರಲಿಲ್ಲ. ಒಂದೇ ಕೋರ್ಸನ್ನು ಕೊನೆಯವರೆಗೆ ಓದಿದ್ದ. ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಧಾರವಾಡ ಪೇಡೆ ತಂದು ಕಾಲಿಗೆ ಬಿದ್ದ.

ಕಿಟ್ಟಿ ಪೇಡೆ ಬಾಯಿಗಿಟ್ಟು ಕೇಳಿದ: ‘ನಿಮ್ಮಲ್ಲಿ ರೆಫರಲ್ ಇದೆಯೇನಪ್ಪ?’