ಚರಣ ಹಿಡಿಯದವರು

ಅಂತ್ಯಾಕ್ಷರಿ ಆಡಿದವರಿಗೆಲ್ಲ ಗೊತ್ತು: ಹಾಡೆಂದರೆ ಪಲ್ಲವಿ. ಚರಣ ಬಂತೋ, ನನ್ನಾಕೆ ಒಗ್ಗರಣೆ ಸೀಯಿತೆಂದು ಒಳಗೆ ಓಡುತ್ತಾಳೆ, ನಾನು 'ಲಲಲಾ' ಗೋತ್ರಕ್ಕೆ ಸೇರಿಬಿಡುತ್ತೇನೆ. ಈ ಜಾಡ್ಯ ನಮ್ಮ ಮನೆಯದೊಂದೇ ಅಂದುಕೊಂಡಿದ್ದೆ. ಅಲ್ಲವಂತೆ, ಅಮೆರಿಕದ ಅಧ್ಯಕ್ಷರಿಗೂ ಇತ್ತು!

1984ರ ಮಾತು. ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ 'ಬಾರ್ನ್ ಇನ್ ದ ಯುಎಸ್ಎ' ಬಂದಿತ್ತು. ಪಲ್ಲವಿಯ ತುಂಬ ಆ ಹೆಸರೇ. ಜೊತೆಗೆ ನಗಾರಿ ಬಡಿದಂಥ ಡ್ರಮ್ಮು. ಮುಷ್ಟಿ ತಾನಾಗಿ ಮೇಲೇಳಬೇಕು! ಚರಣದಲ್ಲೇನಿದೆ? ಬಡ ಊರಿನ ಹುಡುಗನನ್ನು ವಿಯೆಟ್ನಾಂ ಯುದ್ಧಕ್ಕೆ ಅಟ್ಟುತ್ತಾರೆ. ಮರಳಿ ಬಂದರೆ ರಿಫೈನರಿಯಲ್ಲಿ ಕೆಲಸವಿಲ್ಲ, ವಿಯೆಟ್ನಾಂನ ಖೆ ಸಾನ್‌ನಲ್ಲಿ ಕಾದಾಡಿದ ಸೋದರನಿಲ್ಲ, ಹತ್ತು ವರ್ಷ ಕಳೆದರೂ ಹೋಗಲೊಂದು ದಾರಿಯಿಲ್ಲ.

ಅಂಕಣಕಾರ ಜಾರ್ಜ್ ವಿಲ್ ಕಿವಿಗೆ ಹತ್ತಿ ತುರುಕಿಕೊಂಡು ಸ್ಪ್ರಿಂಗ್‌ಸ್ಟೀನ್‌ನ ಕಛೇರಿ ಕೇಳಿದರು. ಹತ್ತಿಯನ್ನು ದಾಟಿ ಒಳಹೊಕ್ಕಿದ್ದು ಪಲ್ಲವಿ. ಮುಚ್ಚಿದ ಕಾರ್ಖಾನೆಗಳ ಕಥೆಯಲ್ಲೂ ಎಂಥ ಉಲ್ಲಾಸ ಎಂಬ ಧಾಟಿಯಲ್ಲಿ ಬರೆದರು. ಅದೇ ವರ್ಷ ಸೆಪ್ಟೆಂಬರ್ 19ರಂದು, ಮರು ಆಯ್ಕೆ ಬಯಸಿದ್ದ ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ನಿಂತು, ನಿಮ್ಮ ರಾಜ್ಯದ ಈ ಗಾಯಕನ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದುಬಿಟ್ಟರು. ಅದೇ ವಾರ ಪಿಟ್ಸ್‌ಬರ್ಗ್‌ನಲ್ಲಿ ಸ್ಪ್ರಿಂಗ್‌ಸ್ಟೀನ್, ಅಧ್ಯಕ್ಷರು ಮೆಚ್ಚಿದ್ದು 'ನೆಬ್ರಾಸ್ಕಾ' ಆಲ್ಬಂ ಅಂತೂ ಇರಲಾರದು ಎಂದು ಕುಟುಕಿ, ಅದರಲ್ಲಿನ ಕೆಲಸ ಕಳೆದುಕೊಂಡ ಕಾರು ಕಾರ್ಖಾನೆ ಕಾರ್ಮಿಕನ ಹಾಡನ್ನೇ ಎತ್ತಿಕೊಂಡ.

ಹಾಗಂತ ತಪ್ಪೆಲ್ಲ ಕಿವಿಯದೇ? 'ಬಾರ್ನ್ ಇನ್ ದ ಯುಎಸ್ಎ' ಹಾಡನ್ನೇ 1982ರಲ್ಲಿ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲಿ ಗಿಟಾರ್ ಹಿಡಿದು ಒಬ್ಬನೇ ಹಾಡಿ ಮುದ್ರಿಸಿಟ್ಟಿದ್ದ. ಅದನ್ನು ಕೇಳಿ ಬಾವುಟ ಬೀಸುವುದು ಕಷ್ಟ. ದುಃಖದ ಸೊಂಟಕ್ಕೆ ಡೊಳ್ಳು ಕಟ್ಟಿದ ಮೇಲೆ ಜನ ಕುಣಿದರು ಎಂದು ಬೈದರೆ ಹೇಗೆ? ಡೊಳ್ಳಿಲ್ಲದಿದ್ದರೆ ಅಧ್ಯಕ್ಷರವರೆಗೆ ಹೋಗುತ್ತಲೂ ಇರಲಿಲ್ಲ ಅನ್ನಿ.

2012ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಪಾಲ್ ರಯಾನ್ ವಾಸಿ. ಬಂಡವಾಳಶಾಹಿಯನ್ನು ಬೈಯುವ 'ರೇಜ್ ಅಗೇನ್ಸ್ಟ್ ದ ಮಷೀನ್' ತಂಡದ ಸದ್ದು ಇಷ್ಟ, ಸಾಹಿತ್ಯ ಬೇಡ ಎಂದರು. ನಾವು ಇಷ್ಟು ವರ್ಷ ಬೈದ ಯಂತ್ರವೇ ಇವರು ಎಂದು ತಂಡದ ಗಿಟಾರ್ ವಾದಕ ಟಾಮ್ ಮೊರೆಲೊ ಬರೆದ. ಆದರೂ ರಯಾನ್ ಸಾಹೇಬರು ಚರಣ ಕೇಳಿಯೇ ಬಿಟ್ಟವರು. ಅಷ್ಟು ಪ್ರಾಮಾಣಿಕತೆ ನಮ್ಮ ಅಂತ್ಯಾಕ್ಷರಿಯಲ್ಲೂ ಇಲ್ಲ.

ಪಲ್ಲವಿಗೆ ಕೈ ಎತ್ತಬೇಡಿ ಎಂದು ನಾನು ಹೇಳುತ್ತಿಲ್ಲ, ಸ್ವಾಮಿ. ಎತ್ತುವ ಮೊದಲು ಒಮ್ಮೆ ಚರಣ ಹಿಡಿಯಿರಿ, ಅಷ್ಟೆ.